ಶಾಮಲಮ್ಮ ಬೇಡವೆಂದ ಗಾಡಿ

ವಕ್ಕಲೇರಿಯ ಶಾಮಲಮ್ಮನನ್ನು ಕೆಣಕುವುದಕ್ಕಿಂತ ಹೆಜ್ಜೇನಿನ ಗೂಡಿಗೆ ಕಲ್ಲು ಹೊಡೆಯುವುದು ಮೇಲು ಎಂಬುದು ಆ ಊರಿನ ಮಕ್ಕಳಿಗೂ ಗೊತ್ತು. ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ ಅವಳದು. ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರು ಸ್ವಂತ ಅತ್ತೆಯಾದರೂ ಸರಿ, ಪಂಚಾಯ್ತಿ ಮೆಂಬರಾದರೂ ಸರಿ, ಡಿಗ್ರಿ ನೋಡುವ ಗಾಜಿನ ಕಡ್ಡಿ ಹಾಲಿನಲ್ಲಿ ಇಳಿಯುವ ತನಕ ಅವಳು ಯಾರ ಮುಖವನ್ನೂ ನೋಡುವವಳಲ್ಲ. ಒಮ್ಮೆ ಅತ್ತೆ ಚಿಕ್ಕಗಂಗಮ್ಮನ ಹಾಲಿನಲ್ಲೇ ಕಡ್ಡಿ ಕೆಳಗಿಳಿದಾಗ, "ಹಸು ಕರೆಯೋವಾಗ ಮಳೆ ಏನಾದ್ರೂ ಬಂತಾ ಅತ್ತೆ?" ಎಂದು ಸಾಲಿನ ಮುಂದೆಯೇ ಕೇಳಿ, ಕ್ಯಾನನ್ನು ಹಿಂದಕ್ಕೆ ತಳ್ಳಿದ್ದಳು. ಆಮೇಲೆ ಮನೆಯಲ್ಲಿ ಎರಡು ಒಲೆ ಉರಿಯಿತು ಎನ್ನುತ್ತಾರೆ. ಅದು ಸುಳ್ಳಿರಬಹುದು, ಹಾಲಿಗೆ ನೀರು ಬೆರೆಸಿದ್ದು ಮಾತ್ರ ನಿಜ.

ಇಂಥ ಹೆಂಗಸು ಒಂದು ಹಳೆ ಕಾರಿನ ವಿಷಯದಲ್ಲಿ ಕಣ್ಣು ಬಿಟ್ಟುಕೊಂಡೇ ಮೋಸ ಹೋದಳು. ಅದು ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ವರ್ಷಗಟ್ಟಲೆ ಕೂತಿತ್ತು.

ಗಂಡ ಉದಯಕುಮಾರ ಡ್ರೈವರು. ನರಸಾಪುರದ ಫ್ಯಾಕ್ಟರಿಗಳಿಗೆ ಜನರನ್ನು ಬಿಟ್ಟು ಬರುವುದು, ಮದುವೆ ದಿಬ್ಬಣ, ತಿರುಪತಿ ಟ್ರಿಪ್ಪು, ಎಲ್ಲವೂ ಬೇರೆಯವರ ಗಾಡಿಯಲ್ಲಿ. ಎಂಜಿನ್ನಿನ ಸದ್ದು ಕೇಳಿಯೇ ಅದರ ಹೊಟ್ಟೆನೋವು ಹೇಳಬಲ್ಲ ಮನುಷ್ಯ. ಬಾಯಿ ಮಾತ್ರ ಕಡಿಮೆ. ಸ್ವಂತ ಗಾಡಿಯೊಂದು ಇರಲಿ ಎಂದು ಆಸೆಪಟ್ಟಾಗ, ಶ್ರೀನಿವಾಸಪುರ ರಸ್ತೆಯಲ್ಲಿ ಹಳೆ ಕಾರುಗಳನ್ನು ನಿಲ್ಲಿಸಿಕೊಂಡು ಮಾರುವ ಕೋದಂಡರಾಮಪ್ಪನ ಹೆಸರನ್ನು ಯಾರೋ ಹೇಳಿದರು. ಹಣೆ ತುಂಬ ನಾಮ, ಬಿಳಿ ಪಂಚೆ, ಮಾತಿಗೊಂದು ಗೋವಿಂದ. ತೆಲುಗು ಬೆರೆತ ಕನ್ನಡದಲ್ಲಿ ಹೆಂಗಸರನ್ನೆಲ್ಲ "ಚೆಲ್ಲೀ" ಎಂದು ತಂಗಿಯ ಹಾಗೆ ಕರೆಯುತ್ತಿದ್ದ. ಬಾಯಲ್ಲಿ ಬೆಣ್ಣೆ, ಬಗಲಲ್ಲಿ ದೊಣ್ಣೆ ಎನ್ನುವ ಮಾತು ಇವನನ್ನು ನೋಡಿಯೇ ಹುಟ್ಟಿರಬೇಕು.

ಅವನ ವ್ಯಾಪಾರದ ಗುಟ್ಟು ಈ ಸೀಮೆಯಲ್ಲಿ ಮಾತ್ರ ನಡೆಯುವಂಥದ್ದು. ಗಿರಾಕಿಗಳನ್ನು ಶುಕ್ರವಾರ ಹತ್ತು ಗಂಟೆಗೆ ಬರಹೇಳುತ್ತಿದ್ದ. ಶುಕ್ರವಾರ ಹತ್ತೂವರೆಗೆ ರಾಹುಕಾಲ ಹಿಡಿಯುತ್ತದೆ. ಬಂದವರು ನೋಡುವ ಹೊತ್ತಿಗೆ ಗಾಡಿಗೆ ಸ್ನಾನವಾಗಿ, ಬಾನೆಟ್ಟಿನ ಮೇಲೆ ಸೇವಂತಿಗೆ ಹಾರ ಬಿದ್ದು, ಅರಿಶಿನ ಕುಂಕುಮ ಹಚ್ಚಿ, ನಾಲ್ಕು ಚಕ್ರಗಳಡಿಯಲ್ಲಿ ನಿಂಬೆಹಣ್ಣು ಕೂತಿರುತ್ತಿತ್ತು. ಎಂಜಿನ್ನೂ ಆಗಲೇ ಓಡುತ್ತಿರುತ್ತಿತ್ತು, ಶುಭಶಬ್ದವಂತೆ. ಹಾರ ಹಾಕಿದ ಬಾನೆಟ್ಟನ್ನು ಎತ್ತುವ ಎದೆ ಯಾರಿಗಿದೆ? ಪೂಜೆಯಾಗದ ಗಾಡಿಯನ್ನು ರಸ್ತೆಗೆ ಯಾರು ಇಳಿಸುತ್ತಾರೆ? ಇನ್ನು ಪೂಜೆಯಾದ ಮೇಲೆ ಬೇಡವೆಂದರೆ ಮನೆಗೆ ಬಂದ ಲಕ್ಷ್ಮಿಯನ್ನು ಒದ್ದಂತೆ. ಹೀಗೆ ಪಂಚಾಂಗವನ್ನೇ ಪಾಲುದಾರನನ್ನಾಗಿ ಮಾಡಿಕೊಂಡಿದ್ದ ಮನುಷ್ಯ.

ಅಂದು ಉದಯಕುಮಾರ ಆ ಬಿಳಿ ಕಾರನ್ನು ಒಂದು ಸುತ್ತು ಹಾಕಿ, "ಬಾನೆಟ್ ತೆಗೆದು ನೋಡ್ತೀನಿ, ಆಮೇಲೆ ಒಂದು ರೌಂಡ್ ಹೋಗ್ಬರ್ತೀನಿ," ಎಂದ.

"ಅಯ್ಯೋ ದೇವುಡಾ! ರಾಹುಕಾಲ ಬಂದ್ಬಿಡ್ತಲ್ಲಪ್ಪಾ," ಎಂದು ಕೋದಂಡರಾಮಪ್ಪ ಗಡಿಯಾರ ತೋರಿಸಿದ. "ಚೆಲ್ಲೀ, ನೀವಾದ್ರೂ ಹೇಳಮ್ಮಾ."

ಚೆಲ್ಲಿ ಹೇಳಿದಳು. "ರೀ, ಹೊತ್ತು ಮೀರ್ತಾ ಇದೆ. ಮೊದ್ಲು ಪೂಜೆ ಆಗ್ಲಿ, ಎಲ್ಲಾ ಆಮೇಲೆ ನೋಡಿದ್ರಾಯ್ತು," ಎಂದು ತಾನೇ ಮುಂದೆ ಹೋಗಿ ಕರ್ಪೂರ ಹಚ್ಚಿದಳು. ಊರವರ ಹಾಲನ್ನು ಕಡ್ಡಿ ಇಳಿಸದೆ ನಂಬದವಳು ಕಾರನ್ನು ಹಾರ ನೋಡಿ ನಂಬಿದಳು. ಮನೆಗೆ ಬರುವ ದಾರಿಯಲ್ಲಿ ಸ್ಟೇರಿಂಗು ಸ್ವಲ್ಪ ಎಡಕ್ಕೆ ಎಳೆಯುತ್ತಿದೆ ಎಂದು ಉದಯಕುಮಾರ ಅಂದದ್ದೂ ಉಂಟು. ಪೂಜೆಯಾದ ಗಾಡಿಗೆ ಹೆಸರಿಡಬೇಡಿ ಎಂದು ಅವನ ಬಾಯಿ ಮುಚ್ಚಿಸಿದವಳೂ ಇವಳೇ.

ಮಳೆಗಾಲ ಮುಗಿಯುವ ಮೊದಲೇ ಮುಳಬಾಗಿಲಿನ ಹೈವೇಯಲ್ಲಿ ಅದು ಮುರಿಯಿತು. ಪುಣ್ಯಕ್ಕೆ ಗಾಡಿಯಲ್ಲಿ ಪ್ಯಾಸೆಂಜರ್ ಇರಲಿಲ್ಲ. ಎದುರಿಗೆ ಅಡ್ಡಬಂದ ಟ್ರ್ಯಾಕ್ಟರಿಗೆ ಬ್ರೇಕು ಹಾಕಿದ್ದಷ್ಟೇ, ಮುಂದಿನ ಚಕ್ರ ಒಂದು ಕಡೆ, ಗಾಡಿ ಒಂದು ಕಡೆ ಹೋಗಿ, ರಸ್ತೆಯ ನಡುವಿನ ಗೋಡೆಗೆ ಬಡಿಯಿತು. ಉದಯಕುಮಾರ ಬದುಕಿದ. ಬಲಗಾಲಿಗೆ ರಾಡು ಹಾಕಿದರು, ಮಂಡಿ ಮಾತ್ರ ಮತ್ತೆ ಮಡಚಲಿಲ್ಲ. ಪೆಡಲ್ಲಿನ ಮೇಲೆ ಕಾಲಿಡಲಾಗದವನನ್ನು ಡ್ರೈವರ್ ಎಂದು ಯಾರು ಕರೆಯುತ್ತಾರೆ? ಜಗಲಿಯ ಮೇಲೆ ಕಾಲು ಚಾಚಿ ಕೂತು, ರಸ್ತೆಯಲ್ಲಿ ಹೋಗುವ ಗಾಡಿಗಳ ಸದ್ದು ಕೇಳುವುದೇ ಅವನ ಕೆಲಸವಾಯಿತು.

ಜಜ್ಜಿಹೋದ ಕಾರು ಕೋಲಾರದಲ್ಲಿ ಕದಿರೇಶನ ಗ್ಯಾರೇಜಿಗೆ ಬಂತು. ಉದಯಕುಮಾರನ ಹಳೆಯ ಗೆಳೆಯ ಅವನು. ಅವನು ಮ್ಯಾಟು ಕಿತ್ತು, ಬಣ್ಣದಡಿ ಮೆತ್ತಿದ್ದ ಪುಟ್ಟಿ ಕೆರೆದು, ಶಾಮಲಮ್ಮನನ್ನು ಹತ್ತಿರ ಕರೆದ.

"ನೋಡಕ್ಕಾ, ಇದು ಒಂದು ಗಾಡಿ ಅಲ್ಲ, ಎರಡು. ಯಾವುದೋ ಆಕ್ಸಿಡೆಂಟ್ ಗಾಡಿ ಹಿಂಭಾಗಕ್ಕೆ ಇನ್ಯಾವುದರದ್ದೋ ಮುಂಭಾಗ ಇಟ್ಟು ವೆಲ್ಡಿಂಗ್ ಹೊಡೆದವ್ರೆ. ಬಾನೆಟ್ ಎತ್ತಿದ್ದಿದ್ರೆ ಉದಯಣ್ಣಂಗೆ ಒಂದೇ ನಿಮಿಷಕ್ಕೆ ಗೊತ್ತಾಗೋದು."

ಬಾನೆಟ್ ಎತ್ತಿದ್ದಿದ್ದರೆ! ಆ ಮಾತನ್ನು ಕೇಳಿದ ಮೇಲೆ ಅವಳು ಬಸ್ಸು ಹತ್ತಿ ನೇರ ಹೋಗಿದ್ದು ಕೋದಂಡರಾಮಪ್ಪನ ಹತ್ತಿರ. ಅವನು ಕೂಗಾಡಲಿಲ್ಲ. ಗೋವಿಂದಾ ಎಂದು ಕಣ್ಣು ಮುಚ್ಚಿ, ಮೆತ್ತಗೆ ಹೇಳಿದ: "ನಾನೇನ್ ಮಾಡ್ಲಿ ಚೆಲ್ಲೀ? ಕರ್ಪೂರ ಹಚ್ಚಿದ್ದು ನಿಮ್ ಕೈಯಿ. ನಾನು ಹಚ್ಚಿ ಅಂತ ಕೈ ಹಿಡ್ಕೊಂಡ್ನಾ?"

ಬೈದಿದ್ದರೆ ಬೈದು ಬರುತ್ತಿದ್ದಳು. ಸುಳ್ಳು ಹೇಳಿದ್ದರೆ ಜಗಳ ಆಡುತ್ತಿದ್ದಳು. ಅವನು ಹೇಳಿದ್ದು ನಿಜ, ಅದೇ ಅವಳನ್ನು ಸುಟ್ಟಿತು. ಹಚ್ಚಿದ ಕೈಯನ್ನು ಅವಳು ಏನು ಮಾಡಿಯಾಳು? ಹಚ್ಚಿಸಿದವನನ್ನು ಏನಾದರೂ ಮಾಡಬಹುದು. ಅಲ್ಲೇ ನಿಂತು, ಅವನ ಗಾಡಿಗಳನ್ನು ಒಂದೊಂದಾಗಿ ನೋಡಿ ಹೇಳಿದಳು: "ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ. ಈ ನಾಲ್ಕು ತಾಲ್ಲೂಕಲ್ಲಿ ನಿನ್ ಕೈಯಿಂದ ಒಂದು ಗಾಡಿ ಹೋಗ್ದಂಗೆ ಮಾಡ್ತೀನಿ. ಮಾಡ್ದೆ ಇದ್ರೆ ನನ್ನ ಶಾಮಲಮ್ಮ ಅನ್ಬೇಡ." ಕೋದಂಡರಾಮಪ್ಪ ನಕ್ಕು, ಕಾಫಿ ತರಿಸಲೇ ಎಂದು ಕೇಳಿದ.

ಕೋರ್ಟು, ಪೊಲೀಸು ಅಂದರೆ ವರ್ಷಗಳು ಕಳೆಯುತ್ತವೆ. ಶಾಮಲಮ್ಮ ಆ ದಾರಿ ಹಿಡಿಯಲಿಲ್ಲ. ಡೇರಿಯ ಬೆಳಗಿನ ಕೆಲಸ ಮುಗಿಸಿ ಕದಿರೇಶನ ಗ್ಯಾರೇಜಿಗೆ ಹೋಗಿ, ಗಾಡಿ ಪರೀಕ್ಷೆ ಕಲಿಯಲು ತನ್ನದೇ ಮುರಿದ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಕದಿರೇಶ ಗೇಲಿ ಮಾಡಿದರೂ ಬಿಡಲಿಲ್ಲ. ಬಾಗಿಲಿಗೂ ಮೈಗೂ ನಡುವಿನ ಸಂದು ಮೇಲೆ ಕೆಳಗೆ ಒಂದೇ ಸಮ ಇರಬೇಕು. ಬೋಲ್ಟಿನ ತಲೆಯ ಬಣ್ಣ ಕಿತ್ತಿದ್ದರೆ ಅದನ್ನು ಯಾರೋ ಬಿಚ್ಚಿದ್ದಾರೆ. ಆಯಸ್ಕಾಂತ ಹಿಡಿಯದ ಕಡೆ ಬಣ್ಣದ ಕೆಳಗೆ ತಗಡಲ್ಲ, ಪುಟ್ಟಿ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದಾಗ ಒಳಗಿನ ತುದಿಯಲ್ಲಿ ಕೆಸರಿನ ಗೆರೆ ಕಂಡರೆ ಆ ಗಾಡಿ ಪ್ರವಾಹದಲ್ಲಿ ಮುಳುಗಿದ್ದು. ಮೀಟರು ಕಡಿಮೆ ತೋರಿಸಿ ಪೆಡಲ್ಲಿನ ರಬ್ಬರು ನುಣ್ಣಗೆ ಸವೆದಿದ್ದರೆ ಮೀಟರನ್ನು ನಂಬಬಾರದು, ಕಾಲನ್ನು ನಂಬಬೇಕು. ಎಲ್ಲಕ್ಕಿಂತ ಮೊದಲು, ಬಾನೆಟ್ಟಿನ ಮೇಲೆ ಅಂಗೈ ಇಡಬೇಕು. ನೀವು ಬರುವ ಮುಂಚೆಯೇ ಎಂಜಿನ್ನು ಬಿಸಿಯಾಗಿದ್ದರೆ ಮಾರುವವನು ಏನನ್ನೋ ಮುಚ್ಚಿಡುತ್ತಿದ್ದಾನೆ. ಹಾಲಿನಲ್ಲಿ ನೀರು ಹುಡುಕುವವಳಿಗೆ ಇದೆಲ್ಲ ಹೊಸ ವಿದ್ಯೆ ಎನಿಸಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಊರಿನ ಅಮರನಾಥ್ ಮೇಷ್ಟ್ರು ಕಾರು ಕೊಳ್ಳಲು ಹೊರಟಾಗ. ಅದೇ ಕೋದಂಡರಾಮಪ್ಪ, ಅದೇ ಶುಕ್ರವಾರ, ಅದೇ ಹತ್ತು ಗಂಟೆ. ಶಾಮಲಮ್ಮ ತಾನೂ ಬರುತ್ತೇನೆಂದು ಹೊರಟಳು. ದಾರಿಯಲ್ಲಿ ಎಳನೀರು ಕುಡಿಯೋಣ ಎಂದಳು, ಹೂವು ಮರೆತೆ ಎಂದಳು, ಸೀರೆಯ ನೆರಿಗೆ ಸರಿಮಾಡಿಕೊಂಡಳು. ಅವರು ಗೇಟಿನೊಳಗೆ ಕಾಲಿಡುವಾಗ ರಾಹುಕಾಲ ಶುರುವಾಗಿತ್ತು. ಕೋದಂಡರಾಮಪ್ಪ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದ.

"ಆಯ್ತಲ್ಲಾ, ಇನ್ನು ಹನ್ನೆರಡರ ತನ್ಕ ಪೂಜೆ ಇಲ್ಲ," ಎಂದಳು ಶಾಮಲಮ್ಮ, ಕುರ್ಚಿ ಎಳೆದುಕೊಂಡು. "ಎಂಜಿನ್ ಆಫ್ ಮಾಡು, ಆರ್ಲಿ. ಹಾರ ತೆಗೆದಿಡು. ಸುಮ್ನೆ ಕೂತಿರೋ ಬದ್ಲು ನೋಡ್ಬಿಡೋಣ."

ರಾಹುಕಾಲದಲ್ಲಿ ಕೊಳ್ಳಬಾರದು, ಮಾರಬಾರದು, ಹೊರಡಬಾರದು. ನೋಡಬಾರದು ಎಂದು ಯಾವ ಪಂಚಾಂಗದಲ್ಲೂ ಬರೆದಿಲ್ಲ. ಎಂಜಿನ್ನು ಆರುವ ತನಕ ಅವಳು ಕಾದಳು. ಆಮೇಲೆ ಎಣ್ಣೆ ಹಾಕುವ ಮುಚ್ಚಳ ತಿರುಗಿಸಿ ಮೇಷ್ಟ್ರ ಮುಂದೆ ಹಿಡಿದಳು. ಒಳಗೆ ಕಾಸಿದ ಹಾಲಿನ ಕೆನೆಯಂತೆ ಬೆಳ್ಳಗೆ ಅಂಟಿತ್ತು. "ಕೆನೆ ಹಾಲಲ್ಲಿ ಇರ್ಬೇಕು ಮೇಷ್ಟ್ರೇ, ಎಂಜಿನ್ನಲ್ಲಲ್ಲ. ಎಣ್ಣೆಗೆ ನೀರು ಸೇರ್ಕೊಂಡೈತೆ," ಎಂದಳು. ಗಾಡಿ ಮತ್ತೆ ಸ್ಟಾರ್ಟ್ ಮಾಡಿಸಿದರೆ ಬಿಳಿ ಹೊಗೆ ಕಾಂಪೌಂಡು ದಾಟಿ ರಸ್ತೆಗೆ ಹೋಯಿತು. ಚಹಾ ಅಂಗಡಿಯವರೂ ಎದ್ದು ಬಂದು ನೋಡಿದರು. ಮೇಷ್ಟ್ರು ಬರಿಗೈಯಲ್ಲಿ ವಾಪಸು ಬಂದರು, ಶಾಮಲಮ್ಮ ಹಬ್ಬದೂಟ ಉಂಡವಳಂತೆ ಬಂದಳು. ಅಂದು ರಾತ್ರಿ ಬಹಳ ದಿನಗಳ ಮೇಲೆ ಅವಳಿಗೆ ಒಳ್ಳೆಯ ನಿದ್ದೆ ಬಂತು.

ಅಲ್ಲಿಂದ ಸುದ್ದಿ ಹಬ್ಬಿತು. ಲಕ್ಕೂರಿನಿಂದ ಫ್ಯಾಕ್ಟರಿ ಹುಡುಗರು ಕರೆದರು, ಮುಳಬಾಗಿಲಿನಿಂದ ತರಕಾರಿ ಮಂಡಿಯವರು ಕರೆದರು, ಮಾಲೂರಿನಿಂದ ವೆಂಕಟರತ್ನಮ್ಮ ಎಂಬ ನರ್ಸಮ್ಮ ಕರೆದಳು. ಶಾಮಲಮ್ಮ ಯಾರಿಂದಲೂ ಏನೂ ಇಸಿದುಕೊಳ್ಳಲಿಲ್ಲ. ಬೇರೆಯವರ ಗಾಡಿ ಚೆನ್ನಾಗಿದ್ದರೆ "ಕಣ್ಮುಚ್ಚಿ ತಗೊಳ್ಳಿ" ಎನ್ನುತ್ತಿದ್ದಳು, ಕೆಟ್ಟಿದ್ದರೆ ಎಲ್ಲಿ ಕೆಟ್ಟಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದಳು. ಒಂದು ಸಲವೂ ಅವಳ ಮಾತು ಹುಸಿಯಾಗಲಿಲ್ಲ. ಆದರೆ ಕರೆದವರನ್ನು ಅವಳು ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಗಾಡಿ ಯಾರ ಹತ್ತಿರ? ಕೋದಂಡರಾಮಪ್ಪನ ಹತ್ತಿರ ಎಂದರೆ ಸಾಕು, ಹಸು ಕರು ಹಾಕುತ್ತಿದ್ದರೂ ಬಿಟ್ಟು ಹೊರಡುತ್ತಿದ್ದಳು.

ಅವನು ಜಾಗವನ್ನು ಮುಳಬಾಗಿಲಿಗೆ ಬದಲಾಯಿಸಿದ. ಇವಳು ಅಲ್ಲಿಗೂ ಹೋದಳು. ಅಳಿಯ ವೆಂಕಟನ ಹೆಸರಿನಲ್ಲಿ ಮಾಲೂರಿನಲ್ಲಿ ಬೋರ್ಡು ಹಾಕಿದ. ಇವಳು ಅಲ್ಲಿಗೂ ಹೋಗಿ, ಗಿರಾಕಿಯ ಪಕ್ಕದಲ್ಲಿ ನಿಂತು ಆಯಸ್ಕಾಂತ ತೆಗೆದಳು. ಅವನ ಮುಖ ಬಾಡುವುದನ್ನು ನೋಡುವುದು ಅವಳಿಗೆ ಕಾಫಿಯ ಚಟದಂತೆ ಆಗಿಹೋಯಿತು. ಅದರಲ್ಲಿ ಸುಖವಿತ್ತು, ಇಲ್ಲವೆಂದರೆ ಸುಳ್ಳಾದೀತು. ಅವನ ಪಂಚೆ ಮಾಸುವುದನ್ನು ಕಂಡಳು, ನಾಮ ಸಣ್ಣದಾಗುವುದನ್ನು ಕಂಡಳು, ಅಳಿಯ ದೂರವಾದ ಸುದ್ದಿ ಕೇಳಿದಳು. ಅಯ್ಯೋ ಅನ್ನಿಸಲಿಲ್ಲ. ಜಗಲಿಯಲ್ಲಿ ಚಾಚಿದ ಕಾಲನ್ನು ದಾಟಿಯೇ ದಿನವೂ ಮನೆಯೊಳಗೆ ಹೋಗುವವಳಿಗೆ ಅಯ್ಯೋ ಎಲ್ಲಿಂದ ಬರಬೇಕು?

"ಸಾಕು ಬಿಡು ಶಾಮಲಾ," ಎಂದ ಒಂದು ದಿನ ಉದಯಕುಮಾರ. "ಅವನು ಸತ್ತ ಹಾವು."

"ಸತ್ತೈತೋ ಇಲ್ವೋ ನಾನು ನೋಡ್ತೀನಿ. ನೀವು ಸುಮ್ನಿರಿ."

ಕಳೆದ ಮಾವಿನ ಕಾಲದಲ್ಲಿ ಗೌನಿಪಲ್ಲಿಯ ಮುನಿನಾರಾಯಣಪ್ಪನಿಂದ ಫೋನು ಬಂತು. ಮಾವಿನ ತೋಟದ ಮನುಷ್ಯ, ಹೆಂಡತಿ ಆವಲಮ್ಮನಿಗೆ ಬಸ್ಸು ಹತ್ತಿ ಇಳಿಯಲು ಆಗುವುದಿಲ್ಲ, ಅದಕ್ಕೆ ಕಾರು ಬೇಕು. ಗಾಡಿ ಕೋದಂಡರಾಮಪ್ಪನ ಹತ್ತಿರ ಇತ್ತು. ಅವನ ಹತ್ತಿರ ಉಳಿದಿದ್ದೂ ಅದೊಂದೇ.

ಮರುದಿನ ಬೆಳಗ್ಗೆ ಕೋದಂಡರಾಮಪ್ಪನೇ ವಕ್ಕಲೇರಿಯ ಡೇರಿಗೆ ಬಂದ. ಹಾಲಿನ ಸಾಲು ಕರಗುವ ತನಕ ಗೋಡೆಯ ಪಕ್ಕ ನಿಂತಿದ್ದ. ಆಮೇಲೆ ಹತ್ತಿರ ಬಂದು ಕೈಮುಗಿದ. ಈ ಸಲ ಗೋವಿಂದ ಇರಲಿಲ್ಲ.

"ಅಮ್ಮಾ, ಈ ಗಾಡಿ ಒಬ್ಬ ರಿಟೈರ್ ಆದ ಹೆಡ್‌ಮಾಸ್ಟರದು. ಮಗು ಥರ ಸಾಕವ್ರೆ. ಇದರಲ್ಲಿ ಒಂದು ಸುಳ್ಳಿಲ್ಲ. ಇದು ಹೋಗದೆ ಇದ್ರೆ ನಾನು ಬಾಗ್ಲು ಹಾಕ್ಬೇಕು. ನಂಗೋಸ್ಕರ ಒಂದು ಮಾತೂ ಜಾಸ್ತಿ ಹೇಳ್ಬೇಡಿ. ಇರೋದು ಹೇಳಿ, ನಿಜ ಹೇಳಿ, ಅಷ್ಟು ಸಾಕು."

"ಬಂದು ನೋಡ್ತೀನಿ," ಎಂದಳು ಅವಳು.

ಹೋದಾಗ ಹಾರವಿರಲಿಲ್ಲ, ನಿಂಬೆಹಣ್ಣಿರಲಿಲ್ಲ. ಬೇಲಿಯ ಪಕ್ಕದಲ್ಲಿ ಬೂದು ಬಣ್ಣದ ಸಣ್ಣ ಕಾರು ತಣ್ಣಗೆ ನಿಂತಿತ್ತು. ಮುನಿನಾರಾಯಣಪ್ಪ ಹೆಂಡತಿಯನ್ನು ಬೆಂಚಿನ ಮೇಲೆ ಕೂರಿಸಿ, ತಾನು ಕೈಕಟ್ಟಿ ನಿಂತ. ಶಾಮಲಮ್ಮ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ರಾತ್ರಿಯೆಲ್ಲ ಮಲಗಿದ ಎಂಜಿನ್ನು. ಸ್ಟಾರ್ಟ್ ಮಾಡಿಸಿದಳು, ಒಂದೇ ಸಲಕ್ಕೆ ಎದ್ದಿತು, ಹೊಗೆಯಿಲ್ಲ. ಎಣ್ಣೆ ಮುಚ್ಚಳ ಶುದ್ಧ. ಬೋಲ್ಟುಗಳ ಬಣ್ಣ ಫ್ಯಾಕ್ಟರಿಯಲ್ಲಿ ಬಂದ ಹಾಗೇ ಇತ್ತು. ಬೆಲ್ಟುಗಳನ್ನು ಎಳೆದಳು, ಮ್ಯಾಟು ಎತ್ತಿದಳು, ಸೀಟಿನ ಕೆಳಗೆ ಕೈ ಹಾಕಿದಳು, ನೆಲಕ್ಕೆ ಚೀಲ ಹಾಸಿ ಗಾಡಿಯ ಕೆಳಗೆ ತೂರಿದಳು. ತುಕ್ಕಿಲ್ಲ, ವೆಲ್ಡಿಂಗಿಲ್ಲ. ತಾನು ಪಕ್ಕದಲ್ಲಿ ಕೂತು ಕೋದಂಡರಾಮಪ್ಪನಿಂದ ರಸ್ತೆಯಲ್ಲಿ ಓಡಿಸಿದಳು. ಸ್ಟೇರಿಂಗು ಬಿಟ್ಟರೂ ಗೆರೆ ಎಳೆದಂತೆ ನೇರ ಹೋಯಿತು.

ಒಳ್ಳೆಯದು ಕಂಡಂತೆಲ್ಲ ಅವಳ ಸಿಟ್ಟು ಏರಿತು. ಇಷ್ಟು ವರ್ಷ ಕೆಟ್ಟ ಗಾಡಿ ಮಾರಿದವನಿಗೆ ಈಗ ಒಳ್ಳೆಯ ಗಾಡಿ ಸಿಕ್ಕಿದೆ! ಇವಳು ಚೆನ್ನಾಗಿದೆ ಎಂದುಬಿಟ್ಟರೆ ನಾಳೆ ಅದೇ ಅವನ ಬೋರ್ಡು: ಶಾಮಲಮ್ಮನೇ ಒಪ್ಪಿದ ಗಾಡಿ. ಅವಳ ಹೆಸರಿನ ನೆರಳಲ್ಲೇ ಅವನು ಮತ್ತೆ ಪಂಚೆ ಬಿಳಿ ಮಾಡಿಕೊಳ್ಳುತ್ತಾನೆ. ಗಂಡನ ಕಾಲು ಮಾತ್ರ ಮಡಚದೆ ಹಾಗೇ ಇರುತ್ತದೆ. ಬೇಡವೆಂದರೆ ಸುಳ್ಳು. ಹಾಲಿನ ವಿಷಯದಲ್ಲಾಗಲಿ ಗಾಡಿಯ ವಿಷಯದಲ್ಲಾಗಲಿ ಅವಳ ಬಾಯಿಂದ ಒಂದು ಸುಳ್ಳೂ ಬಂದದ್ದಿಲ್ಲ. ಅವಳ ಹತ್ತಿರ ಇದ್ದ ಆಸ್ತಿ ಅದೊಂದೇ.

"ಏನಂತೀಯಮ್ಮಾ?" ಎಂದ ಮುನಿನಾರಾಯಣಪ್ಪ.

ಕೋದಂಡರಾಮಪ್ಪ ಅವಳ ಬಾಯಿ ನೋಡುತ್ತಿದ್ದ. ಅವನ ಕಣ್ಣಿನಲ್ಲಿ ನಂಬಿಕೆಯಿತ್ತು. ಅದನ್ನು ಕಂಡು ಶಾಮಲಮ್ಮನ ಮೈ ಉರಿಯಿತು. ಈ ಮನುಷ್ಯ ಯಾರದಾದರೂ ನಂಬಿಕೆ ಉಳಿಸಿದ್ದಾನೆಯೇ?

"ಬೇಡ," ಎಂದಳು.

ಯಾಕೆ ಎಂದು ಮುನಿನಾರಾಯಣಪ್ಪ ಕೇಳಲಿಲ್ಲ. ಶಾಮಲಮ್ಮ ಬೇಡ ಅಂದ ಮೇಲೆ ಕೇಳುವುದೇನಿದೆ? ಆವಲಮ್ಮನ ತೋಳು ಹಿಡಿದು ಎಬ್ಬಿಸಿ, ಇಬ್ಬರೂ ಮೆಲ್ಲಗೆ ಬಸ್ ಸ್ಟಾಪಿನ ಕಡೆ ನಡೆದರು. ಆ ಮುದುಕಿ ಎರಡೆರಡು ಹೆಜ್ಜೆಗೆ ನಿಲ್ಲುತ್ತಿದ್ದಳು. ಶಾಮಲಮ್ಮ ಆ ಕಡೆ ನೋಡಲಿಲ್ಲ.

ಕೋದಂಡರಾಮಪ್ಪ ಬೆಂಚಿನ ಮೇಲೆ ಕುಸಿದು ಕೂತ. "ನೀನು ನನ್ನ ಬೈಯ್ಯಿ, ಹೊಡಿ, ಎಲ್ಲಾ ಸರಿ," ಎಂದ. "ನೀನು ಸುಳ್ಳು ಹೇಳ್ತೀಯ ಅಂತ ಮಾತ್ರ ನಾನು ಅಂದ್ಕೊಂಡಿರ್ಲಿಲ್ಲ."

"ನನ್ ಗಂಡನೂ ನೀನು ಹೇಳ್ತೀಯ ಅಂತ ಅಂದ್ಕೊಂಡಿರ್ಲಿಲ್ಲ," ಎಂದು ಅವಳು ಸೆರಗು ಕೊಡವಿ ಹೊರಟಳು. ಬಸ್ಸಿನಲ್ಲಿ ಕೂತು ಪಶ್ಚಾತ್ತಾಪ ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ಗೆದ್ದೆ ಎಂಬ ಬಿಸಿ ಎದೆಯಲ್ಲಿ ಇತ್ತು, ಅದನ್ನು ಗಂಡನಿಗೆ ಹೇಳುವ ಆತುರವೂ ಇತ್ತು.

ಉದಯಕುಮಾರ ಜಗಲಿಯ ಮೇಲೆ ಕಾಯುತ್ತಿದ್ದ. ಅವಳು ಗಾಡಿ ನೋಡಿ ಬಂದ ದಿನ ಅದರ ಕಥೆ ಪೂರ್ತಿ ಕೇಳದೆ ಅವನು ಊಟಕ್ಕೆ ಏಳುತ್ತಿರಲಿಲ್ಲ.

"ಏನಂದೆ?"

"ಬೇಡ ಅಂದೆ. ಮುಗೀತು ಅವನ ಕಥೆ. ಬಾಗ್ಲು ಹಾಕ್ತಾನೆ."

"ಏನಿತ್ತು ಗಾಡೀಲಿ? ಎಂಜಿನ್ನಾ, ಚಾಸಿಸ್ಸಾ?"

ಅವಳು ಚಪ್ಪಲಿ ಬಿಚ್ಚುತ್ತಿದ್ದವಳು ನಿಂತಳು. ಊರಿಗೆಲ್ಲ ಏನಾದರೂ ಹೇಳಬಹುದಿತ್ತು. ಎಂಜಿನ್ನಿನ ಸದ್ದು ಕೇಳಿ ಬದುಕಿದ ಈ ಮನುಷ್ಯನಿಗೆ ಇಲ್ಲದ ರೋಗ ಹೇಳಲು ಅವಳ ನಾಲಿಗೆ ಏಳಲಿಲ್ಲ.

"ಏನೂ ಇರ್ಲಿಲ್ಲ," ಎಂದಳು. "ಚಿನ್ನದಂಥ ಗಾಡಿ. ಆದ್ರೂ ಬೇಡ ಅಂದೆ. ನಿಮ್ಗೋಸ್ಕರ."

ಉದಯಕುಮಾರ ತನ್ನ ಕಾಲನ್ನು ನೋಡಿಕೊಂಡ. ಆಮೇಲೆ ಗೋಡೆ ಹಿಡಿದು ಎದ್ದು ನಿಂತ.

"ನನ್ ಕಾಲು ಅವನು ತಗೊಂಡ," ಎಂದ. "ನಾನು ಕೊಟ್ಟಿರ್ಲಿಲ್ಲ. ನಿನ್ ಮಾತು ನೀನಾಗೇ ಹೋಗಿ ಕೊಟ್ಟು ಬಂದ್ಯಲ್ಲೇ."

ಕೋದಂಡರಾಮಪ್ಪ ಆ ವಾರವೇ ಅಂಗಡಿ ಮುಚ್ಚಿ ಎಲ್ಲಿಗೋ ಹೋದ. ನಾಲ್ಕು ತಾಲ್ಲೂಕಿನಲ್ಲಿ ಅವನ ಹೆಸರಿಲ್ಲ. ಶಾಮಲಮ್ಮ ಹೇಳಿದ್ದನ್ನು ಮಾಡಿಯೇ ತೋರಿಸಿದಳು, ಆ ದಿನ ಮತ್ತೆ ಬಂದರೂ ಅದನ್ನೇ ಮಾಡುತ್ತಿದ್ದಳು. ಅದು ಅವಳಿಗೆ ಚೆನ್ನಾಗಿ ಗೊತ್ತು. ತನ್ನ ಮಾತಿಗೂ ನೀರು ಬೆರೆತದ್ದು ಗೊತ್ತಿರುವುದರಿಂದಲೇ, ಈಗ ಲಕ್ಕೂರಿನವರು ಕರೆದರೂ ಮಾಲೂರಿನವರು ಕಾರು ತಂದು ಬಾಗಿಲಲ್ಲೇ ನಿಲ್ಲಿಸಿದರೂ ಅವಳು ಹೊಸಿಲು ದಾಟುವುದಿಲ್ಲ. "ಬೇರೆ ಯಾರ್ನಾದ್ರೂ ಕೇಳಿ," ಎಂದು ಒಳಗಿನಿಂದಲೇ ಹೇಳುತ್ತಾಳೆ.